ಹೆಂಚು ಕೈಯಾಡಿಸುವ ಕಾಯಕ



ಈ ಊರಿನ ಹಿರಿಯರು ಬೆಳಿಗ್ಗೆ ನಮ್ಮ ಪೂಜೆ ಮುಗಿಯುವ ಹೊತ್ತಿಗೆ ಒಂದು ಕಾಗದವನ್ನು ತಂದು ಮುಂದೆ ಇಟ್ಟರು. ಊರ ಬಾಗಿಲಲ್ಲಿರುವ ಹಳೆಯ ಛತ್ರ ಸೋರುತ್ತಿದೆ, ಗೋಡೆ ಪಾಚಿ ಕಟ್ಟಿದೆ, ಅದನ್ನು ಕೆಡವಿ ಆ ಜಾಗದಲ್ಲಿ ಎರಡು ಅಂತಸ್ತಿನ ಯಾತ್ರಿನಿವಾಸವನ್ನು ಕಟ್ಟಬೇಕು, ಅಡಿಗಲ್ಲನ್ನು ನಾವೇ ಇಡಬೇಕು ಎಂದು ಅದರಲ್ಲಿ ಬಿನ್ನಹ. ಜೊತೆಗೆ ಒಂದು ನಕ್ಷೆಯೂ ಇದೆ. ದಾನಿಗಳ ಹೆಸರು ಕೆತ್ತಿಸುವ ಕಲ್ಲಿನ ಅಳತೆಯನ್ನು ಕೂಡ ಬರೆದಿದ್ದಾರೆ. ಛತ್ರದ ಹಿಂಬದಿಯ ಕೋಣೆಯಲ್ಲಿ ಮೂವತ್ತು ವರ್ಷಗಳಿಂದ ಇದ್ದುಕೊಂಡು ಬಂದವರಿಗೆ ನೀರು ಕಾಯಿಸಿ ಕೊಡುತ್ತಿರುವ ಅಜ್ಜಿಯ ವಿಷಯ ಮಾತ್ರ ಆ ಕಾಗದದಲ್ಲಿ ಎಲ್ಲಿಯೂ ಇಲ್ಲ. ನಾವು ಎರಡು ಸಲ ಓದಿ ನೋಡಿದೆವು.

ಹಿರಿಯರಿಗೆ ಆಗಲೇ ಉತ್ತರ ಹೇಳಲಿಲ್ಲ. ಎಲ್ಲರ ಎದುರಿಗೇ ಹೇಳೋಣವೆಂದು ಇಟ್ಟುಕೊಂಡೆವು. ಅದಕ್ಕಾಗಿ ಈ ಹೊತ್ತು ದಾರಿಹೋಕರ ಮನೆಗಳ ವಿಷಯವಾಗಿಯೇ ನಾಲ್ಕು ಮಾತು ಆಡುತ್ತೇವೆ.

ದಾರಿಯಲ್ಲಿ ಹೋಗುವವನಿಗೆ ತಂಗಲು ಒಂದು ಸೂರು ಕೊಡಬೇಕೆಂಬುದು ನಮ್ಮ ನಾಡಿನಲ್ಲಿ ನಿನ್ನೆ ಮೊನ್ನೆ ಹುಟ್ಟಿದ ಮಾತಲ್ಲ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಅಶೋಕ ಚಕ್ರವರ್ತಿಯು ತನ್ನ ಏಳನೆಯ ಸ್ತಂಭಶಾಸನದಲ್ಲಿ, ದಾರಿಗಳಲ್ಲಿ ಆಲದ ಮರ ನೆಡಿಸಿದ್ದನ್ನೂ, ಬಾವಿ ತೋಡಿಸಿದ್ದನ್ನೂ, ತಂಗುಮನೆಗಳನ್ನು ಮಾಡಿಸಿದ್ದನ್ನೂ, ಅರವಟ್ಟಿಗೆ ಇಡಿಸಿದ್ದನ್ನೂ ಹೇಳಿಕೊಂಡಿದ್ದಾನೆ. ನಮ್ಮ ಶರಣರ ಕಾಲದ್ದೇ ಆದ ಒಂದು ಶಾಸನವಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯಮಠವೆಂಬ ದೊಡ್ಡ ಮಠವಿತ್ತು. ಪಂಥ ಬೇರೆ, ಕಾಳಾಮುಖರದು. 1162ರ ಆ ಶಾಸನವು ಅಲ್ಲಿ ವಿದ್ಯೆ ಹೇಳುತ್ತಿದ್ದುದನ್ನೂ, ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನ ಇಡುತ್ತಿದ್ದುದನ್ನೂ, ರೋಗಿಗಳಿಗೆ ಔಷಧ ಕೊಡುತ್ತಿದ್ದುದನ್ನೂ ವಿವರವಾಗಿ ಹೇಳುತ್ತದೆ. ಬಂದವನು ಯಾರು ಎಂದು ಕೇಳುವುದಕ್ಕೆ ಮೊದಲು ಹಸಿವೆಯೆಷ್ಟು ಎಂದು ಕೇಳಿದ ನಾಡು ಇದು.

ಆದರೆ ನಾವು ನಿಮ್ಮ ಗಮನಕ್ಕೆ ತರಬೇಕೆಂದಿರುವುದು ಇನ್ನೊಂದು ಮಾತು. ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ಅದು ಪರಿಚಯದ ಮಾತೇ. ಒಬ್ಬ ಅರಸನೋ ಸೆಟ್ಟಿಯೋ ಗುಡಿಗೆ ಅಥವಾ ಮಠಕ್ಕೆ ಭೂಮಿ ಬಿಟ್ಟನೆಂದರೆ, ಇಂಥಿಂಥದಕ್ಕೆ ಎಂದು ಹೆಸರಿಸಿ ಬಿಡುತ್ತಿದ್ದ. ಪೂಜೆಗೆ ಇಷ್ಟು, ತಪಸ್ವಿಗಳ ಆಹಾರಕ್ಕೆ ಇಷ್ಟು, ವಿದ್ಯಾರ್ಥಿಗಳಿಗೆ ಇಷ್ಟು. ಅದರ ನಡುವೆಯೇ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂದು ಸೇರಿಸುತ್ತಿದ್ದರು. ಖಂಡ ಎಂದರೆ ಮುರಿದದ್ದು. ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು. ಮುರಿದದ್ದನ್ನು ಕೂಡಿಸುವುದಕ್ಕೆ, ಬಿರಿದದ್ದನ್ನು ಮುಚ್ಚುವುದಕ್ಕೆ ಇಷ್ಟು ಗದ್ದೆ, ಇಷ್ಟು ತೋಟ. ಆ ಹಿರಿಯರ ವಿವೇಕವನ್ನು ನೋಡಿರಿ! ಗುಡಿ ಇನ್ನೂ ಹೊಸದು, ಕಲ್ಲಿನ ಉಳಿಯ ಗುರುತು ಆರಿಲ್ಲ. ಆಗಲೇ ಅದು ಬಿರಿಯುವ ದಿನವನ್ನು ಕಣ್ಣೆದುರು ತಂದುಕೊಂಡು ಅದಕ್ಕೆ ಗದ್ದೆ ಬರೆದಿಟ್ಟರು. ಈಗ ನಾವು ಏನು ಮಾಡುತ್ತೇವೆ? ಉದ್ಘಾಟನೆಯ ಶಾಮಿಯಾನಕ್ಕೆ, ಹಾರ ತುರಾಯಿಗೆ ಬರೆದಿಡುತ್ತೇವೆ. ಬಿರುಕಿಗೆ ಏನನ್ನೂ ಬರೆದಿಡುವುದಿಲ್ಲ.

ಈ ಮಾತು ನಮಗೆ ಓದಿನಿಂದ ಗೊತ್ತಿತ್ತು. ಮೈಗೆ ಗೊತ್ತಾದದ್ದು ದೋಣಿಗಲ್ಲಿನಲ್ಲಿ.

2024ರ ಜುಲೈ ಕೊನೆಯ ವಾರ. ಘಟ್ಟದ ಕೆಳಗಿನ ಭಕ್ತರ ಮನೆಯ ಕಾರ್ಯಕ್ಕೆ ನಾವು ಹಾಸನದ ಕಡೆಯಿಂದ ಹೊರಟಿದ್ದೆವು. ಆ ವಾರದ ಮಳೆ ನಿಮಗೂ ನೆನಪಿರಬೇಕು. ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿಗಳ ನಡುವೆ ರೈಲು ಹಳಿಯ ಕೆಳಗಿನ ಮಣ್ಣು ಕುಸಿದು ಬೆಂಗಳೂರು ಮಂಗಳೂರಿನ ರೈಲುಗಳು ನಿಂತವು. ಕೆಲವೇ ದಿನಗಳಲ್ಲಿ ಶಿರಾಡಿ ಘಾಟಿಯ ರಸ್ತೆಯ ಮೇಲೂ ಗುಡ್ಡ ಜಾರಿ ವಾಹನಗಳು ಸಾಲುಗಟ್ಟಿದವು. ಸಕಲೇಶಪುರ ದಾಟಿ, ಮಂಜರಾಬಾದ್ ಕೋಟೆಯ ಕೆಳಗೆ ದೋಣಿಗಲ್ಲಿನ ಹತ್ತಿರ ಬರುವಾಗ ಸಂಜೆಯಾಗಿತ್ತು. ಮುಂದೆ ಹೋಗುವಂತಿಲ್ಲ, ಹಿಂದಕ್ಕೆ ತಿರುಗಲು ಲಾರಿಗಳು ಬಿಡುವಂತಿಲ್ಲ. ಒಂದು ಕಾಫಿ ತೋಟದ ಅಂಚಿನಲ್ಲಿ ಹಳೆಯ ಬಂಗಲೆಯೊಂದಿದೆ, ಅಲ್ಲಿ ತಂಗಬಹುದು ಎಂದು ಯಾರೋ ಹೇಳಿದರು. ಆ ಬಂಗಲೆ ಯಾರಿಗೆ ಸೇರಿದ್ದು ಎಂದು ನೀವು ಕೇಳಬಾರದು, ನಾವು ಹೇಳುವುದೂ ಇಲ್ಲ. ಹೆಸರು ಹಿಡಿದು ದೂರುವುದು ಈ ಪೀಠದ ಕೆಲಸವಲ್ಲ.

ಒಂದು ಕಾಲಕ್ಕೆ ಅದು ಚೆಲುವಾದ ಮನೆ. ದಪ್ಪ ಗೋಡೆ, ಎತ್ತರದ ಬಾಗಿಲು, ಮೂರು ಕಡೆ ಜಗಲಿ, ಮೇಲೆ ಮಂಗಳೂರು ಹೆಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಆ ಹೆಂಚು ಈ ಮಲೆನಾಡಿನ ಮನೆಗಳನ್ನೆಲ್ಲ ಹೊದಿಸಿತು. ಈಗ ಆ ಮನೆಯ ಅವಸ್ಥೆಯನ್ನು ಏನೆಂದು ಹೇಳೋಣ! ಜಗಲಿಯ ಒಂದು ಮೂಲೆ ಕೂತು ಹೋಗಿದೆ. ಆರು ಕೋಣೆಗಳಲ್ಲಿ ನಾಲ್ಕರ ಒಳಗೆ ನಿಂತರೆ ಆಕಾಶ ಕಾಣುತ್ತದೆ. ಐದನೆಯದರಲ್ಲಿ ಬಕೆಟ್ಟು, ಕೊಡ, ಡಬರಿ ಇಟ್ಟಿದ್ದಾರೆ, ಒಂದೊಂದರಲ್ಲಿ ಒಂದೊಂದು ಸ್ವರದಲ್ಲಿ ನೀರು ತೊಟ್ಟಿಕ್ಕುತ್ತಿದೆ. ಹಾಸಿಗೆಗೆ ಬೂಷ್ಟು. ಬಾಗಿಲು ನೆನೆದು ಊದಿಕೊಂಡು ಮುಚ್ಚಲು ಬರುವುದಿಲ್ಲ. ನಮ್ಮ ಜೊತೆಯ ಮರಿಗಳು ಮುಖ ಕಿವುಚಿಕೊಂಡರು. ಮಠದಲ್ಲಿ ಬೆಚ್ಚಗೆ ಮಲಗಿ ಅಭ್ಯಾಸವಾದವರು, ಪಾಪ.

ಅಲ್ಲಿ ಒಬ್ಬ ಮೇಟಿ ಇದ್ದ. ಅರವತ್ತು ದಾಟಿದ ಆಳು, ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ. ನಮ್ಮನ್ನು ಕಂಡವನೇ ಅಡ್ಡಬಿದ್ದ. ಎದ್ದು ಹೇಳಿದ ಮೊದಲ ಮಾತೇನು ಗೊತ್ತೇ?

“ಬುದ್ಧಿ, ಒಣಗಿರೋ ಕೋಣೆ ಒಂದೇ ಐತೆ. ಆಗಲೇ ಒಂದು ಸಂಸಾರ ಬಂದೈತೆ, ಹಸುಗೂಸು ಐತೆ ಅವರತ್ರ. ಅದನ್ನ ಅವರಿಗೆ ಕೊಟ್ಬಿಟ್ಟಿದೀನಿ. ತಾವು ಅಡಿಗೆಮನೇಲಿ ಒಲೆ ಮಗ್ಗುಲಾಗೆ ಆಗಬೌದಾ?”

ಮರಿಗಳ ಮುಖ ಇನ್ನಷ್ಟು ಸಣ್ಣಗಾಯಿತು. ನಮಗೆ ಮಾತ್ರ ಆ ಮಾತು ಕೇಳಿ ಮನಸ್ಸು ತುಂಬಿ ಬಂತು. ಸ್ವಾಮಿಗಳು ಬಂದರೆಂದು ಬಾಣಂತಿಯನ್ನು ಎಬ್ಬಿಸಿದ್ದರೆ ನಾವು ಆ ರಾತ್ರಿ ಎಲ್ಲಿ ಮಲಗಿ ಪೂಜೆ ಮಾಡಿಕೊಳ್ಳಬೇಕಿತ್ತು? ಯಾರಿಗೆ ಯಾವ ಕೋಣೆ ಎಂಬ ವಿವೇಕ ಆ ಮುದುಕನಿಗಿತ್ತು. ದಾಸೋಹವೆಂದರೆ ಏನೆಂದು ನಾವು ಎಷ್ಟು ಕಡೆ ಉಪನ್ಯಾಸ ಮಾಡಿದ್ದೇವೆ! ಆತ ಉಪನ್ಯಾಸ ಕೇಳಿದವನಲ್ಲ.

ರಾತ್ರಿ ಒಲೆಯ ಮುಂದೆ ಕೂತಾಗ ಕೇಳಿದೆವು: “ಏನಪ್ಪಾ, ಎಲ್ಲ ಕೋಣೆ ಸೋರುವಾಗ ಅದೊಂದು ಹೇಗೆ ಸೋರುವುದಿಲ್ಲ?” ಬಹಳ ಹೊತ್ತು ಹೇಳಲಿಲ್ಲ. ಬೆಂಕಿ ಕೆದಕುತ್ತಾ ಕೂತಿದ್ದ. ಕಡೆಗೆ ಹೇಳಿದ. ಮೂರು ಮಳೆಗಾಲದಿಂದ ರಿಪೇರಿಯಾಗಬೇಕೆಂದು ಅರ್ಜಿ ಹೋಗಿದೆ. ಬಂದು ನೋಡಿದವರು, ಇದನ್ನು ರಿಪೇರಿ ಮಾಡಿ ಪ್ರಯೋಜನವಿಲ್ಲ, ಹೊಸದೇ ಆಗಬೇಕು ಎಂದು ಬರೆದುಕೊಂಡು ಹೋದರು. ಹೊಸದು ಬರುತ್ತದೆಂದು ಹಳೆಯದಕ್ಕೆ ಒಂದು ಹೆಂಚಿನ ಕಾಸೂ ಬರಲಿಲ್ಲ. ಹೊಸದೂ ಬರಲಿಲ್ಲ. “ನಮ್ಮನೆ ದನದ ಕೊಟ್ಟಿಗೆ ಬಿದ್ದೋಗಿತ್ತು ಬುದ್ಧಿ. ಅದರ ಹೆಂಚು ತಂದು ಆ ಕೋಣೆ ಮ್ಯಾಲೆ ಹೊದಿಸ್ದೆ. ಅಷ್ಟಕ್ಕೇ ಸಾಲ್ತು.”

ಅಷ್ಟಕ್ಕೇ ಸಾಲ್ತು. ಈ ಮಾತನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ.

ಮರುದಿನವೂ ದಾರಿ ತೆರೆಯಲಿಲ್ಲ. ಮಳೆ ಸ್ವಲ್ಪ ಹೊಳವಾದಾಗ ಆತ ನಮಗೆ ಆ ಮನೆಯ ರೋಗವನ್ನೆಲ್ಲ ತೋರಿಸಿದ, ವೈದ್ಯನು ನಾಡಿ ಹಿಡಿದು ತೋರಿಸಿದ ಹಾಗೆ. ಮೊದಲು ಒಂದು ಕೊಂಬೆ ಬಿದ್ದು ಒಂದು ಹೆಂಚು ಸೀಳಿತು. ಆ ಸೀಳಿನಿಂದ ಇಳಿದ ನೀರು ಕೆಳಗಿನ ರೀಪನ್ನು ನೆನೆಸಿತು. ನೆನೆದ ರೀಪು ಬಾಗಿತು, ಅದರ ಮೇಲಿನ ಅಕ್ಕಪಕ್ಕದ ಹೆಂಚುಗಳು ಜಾರಿದವು. ಹೆಂಚು ಜಾರಿದಲ್ಲಿ ಮಳೆ ಧಾರೆಯಾಗಿ ಇಳಿದು ತೊಲೆಯ ತಲೆಯನ್ನು ಹಿಡಿಯಿತು. ಹಸಿ ಮರದ ವಾಸನೆಗೆ ಗೆದ್ದಲು ಬಂತು. ತೊಲೆ ಕುಸಿದಲ್ಲಿ ಗೋಡೆಯ ನೆತ್ತಿ ತೆರೆದುಕೊಂಡಿತು. ಮಣ್ಣಿನ ಗೋಡೆಗೆ ಕಾಲು ನೆನೆದರೂ ತಡೆದೀತು, ನೆತ್ತಿ ನೆನೆದರೆ ಉಳಿಯುವುದಿಲ್ಲ. ಇದರ ಮೇಲೆ ಯಾರೋ ಬುದ್ಧಿವಂತರು ಹಳೆಯ ಗಾರೆಯನ್ನು ಕೆರೆದು ಸಿಮೆಂಟು ಮೆತ್ತಿಸಿದ್ದರು. ಗಾರೆ ಉಸಿರಾಡುತ್ತದೆ, ಗೋಡೆಯೊಳಗೆ ಹೋದ ತೇವ ಬಿಸಿಲು ಬಂದಾಗ ಹೊರಗೆ ಬಂದು ಆರುತ್ತದೆ. ಸಿಮೆಂಟು ಅದನ್ನು ಒಳಗೇ ಕೂಡಿಹಾಕುತ್ತದೆ. ಹೊರಗೆ ನೋಡಲು ನುಣುಪು, ಒಳಗೆ ಗೋಡೆ ಅಂಬಲಿ. ಇನ್ನು ಎರಡು ಮಾಡುಗಳು ಕೂಡುವ ಸಂದಿನಲ್ಲಿ ನೀರು ಹರಿಯಲು ತಗಡಿನ ದೋಣಿ ಇತ್ತು. ಎಲೆ, ಕಸ ತುಂಬಿ ಅದರೊಳಗೆ ಒಂದು ಅರಳಿ ಸಸಿ ಆಳೆತ್ತರ ಬೆಳೆದಿತ್ತು. ದೋಣಿಗಲ್ಲಿನ ಮನೆ ದೋಣಿ ತುಂಬಿಯೇ ಮುಳುಗಿತು ಎಂದು ನಾವು ನಕ್ಕೆವು. ಆತ ನಗಲಿಲ್ಲ.

ಎಲ್ಲದಕ್ಕೂ ಮೂಲ ಯಾವುದು? ಒಂದು ಹೆಂಚು. ಮಂಗಳೂರು ಹೆಂಚನ್ನು ಒಂದರ ಅಂಚಿನಲ್ಲಿ ಒಂದು ಕೂರುವ ಹಾಗೆ ಮಾಡಿರುತ್ತಾರೆ. ಮೇಲಿನದನ್ನು ತುಸು ಎತ್ತಿ, ಒಡೆದದ್ದನ್ನು ಎಳೆದು, ಒಳ್ಳೆಯದನ್ನು ಜಾರಿಸಿದರೆ ಮುಗಿಯಿತು. ಬಲ್ಲವನಿಗೆ ಕಾಲು ಗಂಟೆಯ ಕೆಲಸ. ಆ ಕಾಲು ಗಂಟೆ ಸಿಕ್ಕದೆ ಒಂದು ಮನೆ ಹೋಯಿತು.

ಆ ಬಂಗಲೆಯಲ್ಲಿ ಒಂದು ಪುಸ್ತಕ ಇಟ್ಟಿದ್ದರು. ತಂಗಿದವರು ಹೆಸರು, ಊರು ಬರೆದು ಕೊನೆಯಲ್ಲಿ ಅಭಿಪ್ರಾಯ ಬರೆಯಬೇಕು. ಮಳೆಯಲ್ಲಿ ಬೇರೆ ಕೆಲಸವಿರಲಿಲ್ಲವಾಗಿ ನಾವು ಹಾಳೆ ಹಾಳೆಯನ್ನೂ ಓದಿದೆವು. ಕಟ್ಟಡ ಶಿಥಿಲವಾಗಿದೆ. ಕೂಡಲೇ ನವೀಕರಿಸಬೇಕು. ಸ್ಥಳ ಸುಂದರ, ವ್ಯವಸ್ಥೆ ಶೂನ್ಯ. ನಾಚಿಕೆಗೇಡು. ಹೀಗೆ ಹಾಳೆ ತುಂಬ. ಬರೆದವರಲ್ಲಿ ಅಧಿಕಾರಿಗಳಿದ್ದರು, ವಕೀಲರಿದ್ದರು, ಮೇಷ್ಟರಿದ್ದರು. ಒಬ್ಬರ ಅಕ್ಷರವಂತೂ ಮುತ್ತು ಪೋಣಿಸಿದ ಹಾಗಿತ್ತು. ಇವರೆಲ್ಲರ ನಡುವೆ ಒಂದು ಕಡೆ, ಪೆನ್ಸಿಲಿನಲ್ಲಿ, ಸೊಟ್ಟ ಅಕ್ಷರದಲ್ಲಿ ಒಂದು ಸಾಲು: ಕಿಟಕಿಯ ಚಿಲಕ ಹೋಗಿತ್ತು, ಹಾಕಿದ್ದೇನೆ. ಹೆಸರೂ ಸರಿಯಾಗಿ ಕಾಣುವುದಿಲ್ಲ. ಲಾರಿಯವನೋ ಬಡಗಿಯೋ ಇರಬೇಕು. ನಾವು ಎದ್ದು ಹೋಗಿ ಆ ಚಿಲಕವನ್ನು ಹುಡುಕಿದೆವು. ಹಸುಗೂಸಿನ ಕೋಣೆಯ ಕಿಟಕಿಯದೇ ಅದು. ಗಾಳಿಗೆ ಹಂದದೆ ನಿಂತಿತ್ತು.

ನಮ್ಮ ಸತ್ಯಕ್ಕನ ಕಾಯಕ ಯಾವುದು, ತಾಯಂದಿರೆ? ಅಂಗಳ ಗುಡಿಸುವುದು. ಕಟ್ಟಿಸುವುದಲ್ಲ, ಗುಡಿಸುವುದು. ಕಟ್ಟಿಸಿದ್ದಕ್ಕೆ ಒಂದು ದಿನ ಉಂಟು, ಉತ್ಸವ ಉಂಟು, ಕಲ್ಲಿನ ಮೇಲೆ ಹೆಸರುಂಟು. ಗುಡಿಸುವುದಕ್ಕೆ ಕೊನೆಯೇ ಇಲ್ಲ. ಇವತ್ತು ಗುಡಿಸಿದರೆ ನಾಳೆ ಮತ್ತೆ ಎಲೆ ಬೀಳುತ್ತದೆ. ಗುಡಿಸಿದ್ದು ಯಾರಿಗೂ ಕಾಣುವುದಿಲ್ಲ, ಗುಡಿಸದೆ ಬಿಟ್ಟದ್ದು ಊರಿಗೆಲ್ಲ ಕಾಣುತ್ತದೆ. ಅಂಥ ಕೆಲಸವನ್ನು ಹಿಡಿದ ತಾಯಿಯನ್ನು ಶರಣರು ತಮ್ಮ ಸಾಲಿನಲ್ಲಿ ಕೂರಿಸಿಕೊಂಡರು. ಆಕೆಯ ಕಸಬರಿಗೆಗೂ ಆ ಮೇಟಿಯ ಏಣಿಗೂ ಏನು ಭೇದ?

ಮನೆಯ ಮಾತಾಯಿತು, ಇನ್ನು ಗುಡ್ಡದ ಮಾತು. ದೋಣಿಗಲ್ಲಿನ ಸುತ್ತ ನಿಂತು ನೋಡಿದರೆ ಅದೂ ಇದೇ ಕಥೆಯೆ. 2021ರ ಜುಲೈಯಲ್ಲಿ ಅಲ್ಲಿಯೇ ಹೆದ್ದಾರಿ ಕುಸಿದು ಸಂಚಾರ ನಿಂತಿತ್ತು. 2022ರ ಮಳೆಗಾಲದಲ್ಲಿ ಮತ್ತೆ ಕುಸಿಯಿತು. ಗುಡ್ಡದ ನೆತ್ತಿಯ ನೀರಿಗೆ ಇಳಿಯಲು ದಾರಿ ಕೊಡದೆ ಬುಡವನ್ನು ನೆಟ್ಟಗೆ ಕಡಿದರೆ, ನೀರು ಮಣ್ಣಿನೊಳಗೆ ಇಳಿದು ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ. ಮಾಡಿನ ಮೇಲಿನ ನೀರಿಗೂ ಗುಡ್ಡದ ಮೇಲಿನ ನೀರಿಗೂ ಬೇರೆ ಬೇರೆ ಶಾಸ್ತ್ರವಿಲ್ಲ.

ಅದೇ ಊರಿನ ಮಗ್ಗುಲಲ್ಲಿ ರೈಲು ಹಾದಿಯಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗೆ ಸುಮಾರು 55 ಕಿಲೋಮೀಟರು, 57 ಸುರಂಗ, ನೂರಕ್ಕೆ ಮೀರಿ ಸೇತುವೆ. 1979ರಲ್ಲಿ ಮೀಟರ್ ಗೇಜಿನಲ್ಲಿ ರೈಲು ಓಡಿತು, 1996ರಲ್ಲಿ ಹಳಿ ಅಗಲ ಮಾಡಲು ನಿಲ್ಲಿಸಿದರು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಬಂತು. ಅಷ್ಟು ಕಡಿದಾದ ಘಟ್ಟದಲ್ಲಿ ಆ ಹಾದಿ ಹೇಗೆ ಉಳಿದಿದೆ? ಕಟ್ಟಿದ ಎಂಜಿನಿಯರರ ಜಾಣತನ ಒಂದು ಪಾಲು. ಉಳಿದದ್ದು ಹೆಗಲಿಗೆ ಸುತ್ತಿಗೆ ಹಾಕಿಕೊಂಡು, ಕೈಯಲ್ಲಿ ಲಾಟೀನು ಹಿಡಿದು ಮಳೆಯಲ್ಲಿ ಹಳಿಯ ಗುಂಟ ನಡೆಯುವ ಗ್ಯಾಂಗಿನವರದು. ಸಡಿಲವಾದ ಒಂದು ಕೀಲಿಯನ್ನು ಕಂಡರೆ ಅಲ್ಲಿಯೇ ಬಡಿದು ಮುಂದೆ ಹೋಗುತ್ತಾರೆ. ನಾವು ಹೇಳಿದ ಆ ಜುಲೈ 26ರ ಕುಸಿತವನ್ನು ಸುರಿಯುವ ಮಳೆಯಲ್ಲಿಯೇ ಕಟ್ಟಿ, ಎರಡು ವಾರದೊಳಗೆ ಪ್ರಯಾಣಿಕರ ರೈಲನ್ನು ಬಿಟ್ಟರು. ಕಿಟಕಿಯ ಪಕ್ಕದಲ್ಲಿ ಕೂತು ಜಲಪಾತ ನೋಡುವವರಿಗೆ ಆ ಸುತ್ತಿಗೆಯ ನೆನಪು ಬರುವುದಿಲ್ಲ. ಬರಲೇಬೇಕೆಂದು ಅವರು ಬಡಿಯುವುದೂ ಇಲ್ಲ.

ಇನ್ನು ನಿಮ್ಮ ಛತ್ರಕ್ಕೆ ಬರೋಣ. ಅದಕ್ಕೆ ಮೊದಲು ಗುಬ್ಬಿ ತೋಟದಪ್ಪನವರನ್ನು ಒಂದು ಸಲ ನೆನೆಯಬೇಕು. ಗುಬ್ಬಿಯಿಂದ ಬೆಂಗಳೂರಿಗೆ ಬಂದು ವ್ಯಾಪಾರದಲ್ಲಿ ಸಂಪಾದಿಸಿದ ನಮ್ಮವರು. ಮಕ್ಕಳಿರಲಿಲ್ಲ. ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ 1903ರಲ್ಲಿ ಧರ್ಮಛತ್ರವನ್ನು ತೆರೆದರು. ಊರಿನಿಂದ ಗಂಟು ಹೊತ್ತು ಬಂದು ರೈಲಿಳಿದವನಿಗೆ, ಓದಲು ಬಂದ ಹಳ್ಳಿಯ ಹುಡುಗನಿಗೆ ಅದು ತಾಯಿಯ ಮಡಿಲಾಯಿತು. ಅವರು 1910ರಲ್ಲಿ ಲಿಂಗೈಕ್ಯರಾದರು. ಈ ಸಭೆಯಲ್ಲಿಯೂ ಆ ಛತ್ರದಲ್ಲಿ ಇಳಿದುಕೊಂಡವರು ಇದ್ದೀರಿ. ಅಲ್ಲಿ ತಲೆಯಾಡಿಸುತ್ತಿರುವುದು ನಮಗೆ ಕಾಣುತ್ತದೆ. ಅವರು ಕಟ್ಟಡ ಕಟ್ಟಿ ಬೀಗದಕೈ ಕೊಟ್ಟು ಹೋಗಲಿಲ್ಲ, ಅದನ್ನು ನಡೆಸಿಕೊಂಡು ಹೋಗಲು ಧರ್ಮಸಂಸ್ಥೆಯನ್ನೂ ಬಿಟ್ಟು ಹೋದರು. ಶಾಸನದವರು ಗದ್ದೆ ಬರೆದಿಟ್ಟ ಬುದ್ಧಿಯೇ ಇದು.

ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಎಂದು ನಾವು ಹೇಳುತ್ತಿದ್ದೇವೆಂದು ತಿಳಿಯಬೇಡಿರಿ. ತಳಪಾಯವೇ ಕೂತ ಮನೆಗೆ ಹೆಂಚು ಹೊದಿಸುವುದು ಹುಚ್ಚು. ಅದಕ್ಕೇ ಈ ಮಧ್ಯಾಹ್ನ ಇಬ್ಬರು ಗಾರೆಯವರನ್ನೂ ಒಬ್ಬ ಬಡಗಿಯನ್ನೂ ಕರೆದುಕೊಂಡು ಹೋಗಿ ಛತ್ರವನ್ನು ನೋಡಿ ಬಂದೆವು. ತಳಪಾಯ ಕಲ್ಲಿನದು, ಅಲುಗಿಲ್ಲ. ಗೋಡೆ ಗಟ್ಟಿ. ಬಡಗಲ ಮಾಡಿನ ರೀಪುಗಳು ಹೋಗಿವೆ, ಎರಡು ತೊಲೆ ಬದಲಾಗಬೇಕು, ಹೆಂಚು ಪೂರಾ ಕೈಯಾಡಿಸಬೇಕು. ಅಷ್ಟಕ್ಕೇ ಸಾಲುತ್ತದೆ. ಹೊಸದಾಗಿ ಬೇಕಾದದ್ದು ಪಾಯಖಾನೆ. ಮಂಡಿ ನೋವಿನ ಮುದುಕರು ಕೂರುವಂಥದು ಎರಡು, ಹೆಂಗಸರಿಗೆ ಬೇರೆ, ಒಳಗೆ ಚಿಲಕ ಸರಿಯಾಗಿ ಬೀಳುವಂಥದು. ನಿಮ್ಮ ನಕ್ಷೆಯಲ್ಲಿ ಮುಂಬಾಗಿಲಿಗೆ ನಾಲ್ಕು ಕಂಬ ಬರೆದಿದ್ದೀರಿ, ಇದನ್ನು ಮಾತ್ರ ಮನೆಯ ಹಿಂದೆ ಕತ್ತಲೆಗೆ ಹಾಕಿದ್ದೀರಿ. ಹೆಣ್ಣುಮಕ್ಕಳನ್ನು ಕೇಳದೆ ಗಂಡಸರು ಕೂತು ಬರೆದ ನಕ್ಷೆ ಹೀಗೇ ಇರುತ್ತದೆ.

ಆದ್ದರಿಂದ ಅಡಿಗಲ್ಲು ಇಡಲು ನಾವು ಬರುವುದಿಲ್ಲ. ಹೆಂಚು ಇಳಿಸುವ ದಿನ ಬರುತ್ತೇವೆ.

ಕೆಲವರಿಗೆ ಬೇಸರವಾದೀತು. ಒಬ್ಬರೇ ದೊಡ್ಡ ಮೊತ್ತ ಕೊಡಲು ಮುಂದೆ ಬಂದಿದ್ದಾರೆ, ಅವರ ಭಕ್ತಿಯ ಬಗ್ಗೆ ನಮಗೆ ಸಂಶಯವಿಲ್ಲ. ಆದರೆ ಆಯ್ದಕ್ಕಿ ಮಾರಯ್ಯ ಒಂದು ದಿನ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಏನು ಮಾಡಿದಳು? ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು. ನಾವು ಸುರಿಯಿರಿ ಎನ್ನುವುದಿಲ್ಲ. ಬಂದ ಹಣದಲ್ಲಿ ರಿಪೇರಿಗೆ ಆಗುವಷ್ಟು ಆಗಲಿ. ಉಳಿದದ್ದನ್ನು ಬ್ಯಾಂಕಿನಲ್ಲಿ ಠೇವಣಿ ಇಡಿರಿ. ಅದರ ಬಡ್ಡಿಯಲ್ಲಿ ವರ್ಷ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸುವುದು, ದೋಣಿಯ ಕಸ ತೆಗೆಯುವುದು, ಗೋಡೆಗೆ ಸುಣ್ಣ ಬಳಿಸುವುದು ನಡೆಯಲಿ. ಸಿಮೆಂಟನ್ನು ಆ ಗೋಡೆಗೆ ಮುಟ್ಟಿಸಬೇಡಿರಿ. ಮೊದಲನೆಯ ಖರ್ಚಾಗಿ ಆ ಅಜ್ಜಿಯ ತಿಂಗಳ ಸಂಬಳವನ್ನು ಬರೆಯಿರಿ. ಇಷ್ಟು ವರ್ಷ ಆಕೆ ಯಾರು ಕೊಟ್ಟದ್ದರಿಂದ ಬದುಕಿದಳೆಂದು ಮಧ್ಯಾಹ್ನ ವಿಚಾರಿಸಿದೆವು. ತಂಗಿದವರು ಹೋಗುವಾಗ ಕೈಯಲ್ಲಿಟ್ಟ ಚಿಲ್ಲರೆಯಿಂದ. ಆಕೆಯ ಕೋಣೆಯ ಮಾಡಿನಿಂದಲೇ ಕೆಲಸ ಶುರುವಾಗಲಿ.

ಕಲ್ಲು ಕೆತ್ತಿಸುವುದಿದ್ದರೆ ಹೊಸದು ಬೇಡ. ಕಟ್ಟಿಸಿದ ಹಿರಿಯರ ಕಲ್ಲು ಬಾಗಿಲ ಪಕ್ಕದಲ್ಲಿಯೇ ಇದೆ, ಮೇಲೆ ಯಾರೋ ಜಾಹೀರಾತಿನ ಕಾಗದ ಅಂಟಿಸಿದ್ದಾರೆ. ಅದನ್ನು ತೊಳೆದರೆ ಸಾಕು. ತಂಗಿದವರಿಗೆ ಬರೆಯಲು ಒಂದು ಪುಸ್ತಕವನ್ನು ಮಠದಿಂದ ಕೊಡುತ್ತೇವೆ. ಅದರಲ್ಲಿ ಅಭಿಪ್ರಾಯದ ಅಂಕಣ ಇರುವುದಿಲ್ಲ. ಏನು ಸರಿಮಾಡಿದಿರಿ ಎಂಬ ಅಂಕಣ ಇರುತ್ತದೆ.

ದೀಪಾವಳಿ ಕಳೆದು ಮಳೆ ಪೂರಾ ಹಿಂದಾಗಲಿ. ಅಷ್ಟರಲ್ಲಿ ಬಡಗಿ ತೊಲೆಗೆ ಮರ ಆರಿಸಿ ಒಣಗಿಸಿಡಲಿ. ಹಸಿ ಮರ ಹಾಕಿದರೆ ಮತ್ತೆ ಮೊದಲಿನಿಂದ ಶುರು. ಏಣಿ ಎರಡು ಮಠದಿಂದ ಬರುತ್ತವೆ. ಮಾಡು ಹತ್ತುವುದಕ್ಕೆ ಮೈ ಹಗುರವಾದ ಹುಡುಗರು ಹತ್ತು ಮಂದಿ ಬೇಕು, ಕೆಳಗೆ ನಿಂತು ಹೆಂಚು ತೊಳೆದು ಪಾಚಿ ಉಜ್ಜುವುದಕ್ಕೆ ಮನೆಗೊಬ್ಬರಾದರೂ ಬೇಕು, ನಮ್ಮ ಮರಿಗಳೂ ಬರುತ್ತಾರೆ. ಹೆಸರು ಕೊಡುವವರು ಪ್ರಸಾದವಾದ ಮೇಲೆ ಆ ಅಜ್ಜಿಯ ಹತ್ತಿರ ಹೋಗಿ ಹೇಳಿರಿ. ಎಷ್ಟು ಜನಕ್ಕೆ ನೀರು ಕಾಯಿಸಬೇಕೆಂದು ಆಕೆಗೆ ಮುಂಚೆ ಗೊತ್ತಾಗಬೇಕು.